ಮೇಸ್ತ್ರಿ ಕೈಗಂಟಿದ ಚಿನ್ನ

ಮರಗೆಲಸದ ಮೇಸ್ತ್ರಿಗೆ ಬಣ್ಣ ಅಂದರೆ ಆಗಿಬರುತ್ತಿರಲಿಲ್ಲ. ಗೋಡೆಗೆ ಬಳಿದುಕೊಳ್ಳಿ, ಕಬ್ಬಿಣಕ್ಕೆ ಬಳಿದುಕೊಳ್ಳಿ, ಬೇಕಾದರೆ ನಿಮ್ಮ ಮುಖಕ್ಕೂ ಬಳಿದುಕೊಳ್ಳಿ, ಮರದ ತಂಟೆಗೆ ಮಾತ್ರ ಬರಬೇಡಿ ಅನ್ನುತ್ತಿದ್ದರು. ಬಣ್ಣ ಇದ್ದ ಕಡೆ ಅದರ ಕೆಳಗೆ ತಗ್ಗು ಮುಚ್ಚೋ ಪುಟ್ಟಿ ಇರುತ್ತೆ, ಪುಟ್ಟಿ ಇದ್ದ ಕಡೆ ಯಾವನೋ ಉಳಿ ಜಾರಿಸಿರುತ್ತಾನೆ, ಕೆಲಸ ಕೆಡಿಸಿಕೊಂಡವನಿಗೇ ಬಣ್ಣ ಬೇಕಾಗೋದು ಅನ್ನೋದು ಅವರ ವೇದಾಂತ. ಊಟಕ್ಕೆ ಕೂತರೂ ಅದೇ ಮಾತು, ಚಹಾ ಕುಡಿದರೂ ಅದೇ ಮಾತು. ಯಾರ ಮನೆಗೆ ಹೋದರೂ ಕೂರುವ ಮೊದಲು ಕುರ್ಚಿಯನ್ನು ಬೋರಲು ಮಾಡಿ ಅಡಿ ನೋಡುವ ಆಸಾಮಿ ಅವರು. ಜೊತೆಗೆ ಹೋದ ಮನೆಯವರಿಗೆ ಎಷ್ಟು ಮುಜುಗರ ಆಗುತ್ತಿತ್ತೋ ಅವರಿಗೇ ಗೊತ್ತು.

ಸೊಸೆ ಆ ಮನೆಗೆ ಕಾಲಿಟ್ಟ ದಿನವೂ ಮರದ್ದೇ ಮಾತಾಯಿತು. ಹೊಸ ಹೆಣ್ಣನ್ನು ನೋಡೋಕೆ ಅಂತ ಬಂದ ನೆಂಟರೆಲ್ಲ, ಮೇಸ್ತ್ರಿ ಮಗನ ಮದುವೆಗೆ ಅಂತ ಮಾಡಿದ್ದ ಮಂಚದ ಸುತ್ತ ನಿಂತುಬಿಟ್ಟರು. ಒಂದು ಮೊಳೆ ಹೊಡೆದಿಲ್ಲವಂತೆ, ಮರಕ್ಕೆ ಮರ ಕಚ್ಚಿಸಿ ಕೂರಿಸಿದ್ದಂತೆ, ಮುಟ್ಟಿ ನೋಡು ಎಷ್ಟು ನುಣುಪು ಅಂತ ಒಬ್ಬರಿಗೊಬ್ಬರು ಹೇಳಿಕೊಂಡಿದ್ದೇ ಹೇಳಿಕೊಂಡಿದ್ದು. ಹುಡುಗಿ ಹೇಗಿದ್ದಾಳೆ ಅಂತ ಒಂದು ನರಪಿಳ್ಳೆಯೂ ಬಾಯಿ ಬಿಡಲಿಲ್ಲ. ಅವಳು ಮೂಲೆಯಲ್ಲಿ ಕೈಕಟ್ಟಿಕೊಂಡು ನಿಂತೇ ಇದ್ದಳು. ಮಂಚದ ಮೇಲೆ ಹೊಟ್ಟೆಕಿಚ್ಚು ಪಟ್ಟ ಹೆಣ್ಣು ಜಗತ್ತಿನಲ್ಲಿ ಇದ್ದರೆ ಅವಳೊಬ್ಬಳೇ ಇರಬೇಕು.

ಹಾಗಂತ ಮಾವ ಕೆಟ್ಟವರೇನಲ್ಲ. ಅತ್ತೆ ಬಹಳ ಹಿಂದೆಯೇ ತೀರಿಕೊಂಡಿದ್ದರು. ಗಂಡ ಸಾಮಾನು ಸಾಗಿಸುವ ವ್ಯಾನ್ ಓಡಿಸುತ್ತಿದ್ದ, ಮನೆಯಲ್ಲಿ ಇರುತ್ತಿದ್ದುದಕ್ಕಿಂತ ರಸ್ತೆಯಲ್ಲಿ ಇರುತ್ತಿದ್ದುದೇ ಜಾಸ್ತಿ. ಹಿಂದೆ ಒಂದು ಕೋಣೆ, ನಡುವೆ ಅಡುಗೆಮನೆ, ರಸ್ತೆಗೆ ಬಾಗಿಲಿರುವ ಮುಂದಿನ ಕೋಣೆ ಪೂರ್ತಿ ಮೇಸ್ತ್ರಿಯ ಕೆಲಸಕ್ಕೆ. ಮರದ ಹೊಟ್ಟು ಹಾಸಿಗೆಯಲ್ಲೂ ಸಿಗುತ್ತಿತ್ತು, ಸಾರಿನಲ್ಲೂ ಸಿಗುತ್ತಿತ್ತು. ಇವಳು ಗುಡಿಸುವಳು, ಬೇಯಿಸುವಳು, ಬಂದವರಿಗೆ ನೀರು ಕೊಡುವಳು. ಬಂದವರು ನೀರು ಕುಡಿದು ಮೇಸ್ತ್ರಿಯ ಕೆಲಸ ಹೊಗಳಿ ಹೋಗುವರು.

ಆಮೇಲೆ ಮೇಸ್ತ್ರಿಯ ಕಣ್ಣು ಹೋಗೋಕೆ ಶುರುವಾಯಿತು. ನರ ಒಣಗುತ್ತಿದೆ, ಏನೂ ಮಾಡೋಕಾಗಲ್ಲ ಅಂದರು ಡಾಕ್ಟರು. ಕಪಾಟು, ಬಾಗಿಲು, ಮೇಜು ಎಲ್ಲ ಕೈಬಿಟ್ಟರು. ಗರಗಸವನ್ನು ಮಗನೇ ಕಿತ್ತುಕೊಂಡ. ಆದರೆ ಕೈ ಸುಮ್ಮನಿರಬೇಕಲ್ಲ. ಟ್ರೇ, ಸೌಟು, ಬಾಚಣಿಗೆ, ಅಂಗೈಯಗಲದ ಮುಚ್ಚಳದ ಡಬ್ಬಿ, ಇಂಥ ಚಿಕ್ಕಪುಟ್ಟ ಸಾಮಾನು ಹಿಡಿದು ಕೂತರು. ಉಳಿಯ ತುದಿ ಎಲ್ಲಿದೆ ಅಂತ ಎಡಗೈ ಹೆಬ್ಬೆರಳಿಗೆ ಗೊತ್ತಿತ್ತು. ಸ್ಯಾಂಡ್ ಪೇಪರ್ ಹಿಡಿದು ಉಜ್ಜೋದು, ನಿಲ್ಲಿಸಿ ಸವರೋದು, ಮತ್ತೆ ಉಜ್ಜೋದು. ಕೊನೆಗೆ ಅಗಸೆ ಎಣ್ಣೆ ಹಚ್ಚಿ ಬಿಸಿಲಿಗಿಡೋದು. ಮನೆಯಿಂದ ಆಚೆ ಹೋಗುವ ಒಂದೊಂದು ಸಾಮಾನನ್ನೂ ಕೊನೇ ಸಲ ಎರಡೂ ಅಂಗೈಯಿಂದ ಸವರಿ, ಹೂಂ, ಹೋಗು ಅನ್ನುತ್ತಿದ್ದರು. ಹೆಣ್ಣು ಕಳಿಸುವ ಅಪ್ಪನಿಗೂ ಅಷ್ಟು ಹೊತ್ತು ಬೇಕಾಗಲಿಕ್ಕಿಲ್ಲ.

ಹೀಗೆ ಶುರು ಮಾಡಿದ ಹೊಸತರಲ್ಲೇ ಒಂದು ದಿನ ಸೊಸೆಯನ್ನು ಹತ್ತಿರ ಕೂರಿಸಿಕೊಂಡರು.

"ನೋಡಮ್ಮ, ನನ್ನ ಕೆಲಸ ಇನ್ನು ನನಗೆ ಕಾಣಲ್ಲ. ನನ್ನ ಮಗನಿಗೆ ಕಂಡರೂ ಗೊತ್ತಾಗಲ್ಲ. ಉಳಿದಿರೋದು ನೀನೊಬ್ಬಳು. ನನ್ನ ಕೈ ಕೆಟ್ಟ ದಿನ ನೀನು ಹೇಳಬೇಕು. ಅವತ್ತೇ ಹೇಳಬೇಕು, ನಾಳೆ ನಾಡಿದ್ದು ಅನ್ನಬಾರದು. ಉಳಿ ಎತ್ತಿಟ್ಟುಬಿಡ್ತೀನಿ. ಹಿಂದಿನಿಂದ ನಾಲ್ಕು ಜನ ನಗೋ ಹಾಗೆ ಮಾಡಬೇಡ."

"ಹೇಳ್ತೀನಿ ಮಾವ," ಅಂದಳು ಇವಳು.

ಅಷ್ಟು ವರ್ಷದಲ್ಲಿ ಅವರ ಕೆಲಸದ ವಿಷಯಕ್ಕೆ ಅವಳನ್ನು ಸೇರಿಸಿಕೊಂಡಿದ್ದು ಅದೇ ಮೊದಲು. ಅವಳಿಗೆ ಎಷ್ಟು ಖುಷಿಯಾಯಿತು ಅಂದರೆ, ಅವತ್ತು ಅಡುಗೆಮನೆಗೆ ಹೋಗಿ ಸುಮ್ಮಸುಮ್ಮನೆ ಪಾತ್ರೆಗಳನ್ನೆಲ್ಲ ಇಳಿಸಿ ಮತ್ತೆ ಜೋಡಿಸಿದಳು. ಆಡಿದ ಮಾತು ಸುಳ್ಳಲ್ಲ, ಮನಸ್ಸಿಟ್ಟೇ ಆಡಿದ್ದು. ಅದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಅವಳಿಗೆ ಅನ್ಯಾಯ.

ಒಂದು ಟ್ರೇ ಬಂತು. ಎಣ್ಣೆ ಮುಗಿದಿದ್ದರಿಂದ ಮಾವ ಅದನ್ನು ಎಣ್ಣೆ ಹಚ್ಚದೆಯೇ ಮಧ್ಯಾಹ್ನ ಮುಗಿಸಿ ಅವಳ ಕೈಗಿಟ್ಟು ಚಹಾ ಕೇಳಿದರು. ಅಂಚಿನ ಒಳಮೂಲೆಯಲ್ಲಿ ಉಳಿ ಜಾರಿದ ಗೀರು, ಉಗುರಿನಷ್ಟು ಉದ್ದ. ಬೆರಳು ಹೋಗದ ಜಾಗ, ಹಾಗಾಗಿ ಅವರಿಗೆ ಸಿಕ್ಕಿರಲಿಲ್ಲ. ಕಣ್ಣಿದ್ದವರಿಗೆ ಮಾತ್ರ ಎದ್ದು ಕಾಣುತ್ತಿತ್ತು. ಹೇಳಬೇಕು ಅಂತಲೇ ಅವಳು ಬಾಯಿ ತೆರೆದಳು. ಆದರೆ ಮಾವ ಚಹಾ ಲೋಟ ಹಿಡಿದು, ಇವತ್ತು ಕೈ ಎಷ್ಟು ಚೆನ್ನಾಗಿ ಹೋಯಿತು ಗೊತ್ತಾ, ಮರವೇ ದಾರಿ ಬಿಟ್ಟುಕೊಡ್ತು ಅಂತ ನಗುತ್ತಿದ್ದರು. ಹಾಗೆ ನಗುತ್ತಿರುವ ಮನುಷ್ಯನಿಗೆ ನಿಮ್ಮ ಕೈ ಹೋಯಿತು ಅಂತ ಹೇಗೆ ಹೇಳೋದು? ನೀವಾದರೂ ಹೇಳುತ್ತಿದ್ದಿರಾ? ಒಂದು ಗೀರಿಗೆಲ್ಲ ಕೈ ಹೋಯಿತು ಅಂತಾರಾ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಅವಳ ಪೆಟ್ಟಿಗೆಯಲ್ಲಿ ಅರ್ಧ ಹಾಳೆ ಹಚ್ಚೆ ಇತ್ತು. ಸೂಜಿಯ ಹಚ್ಚೆ ಅಲ್ಲ, ಅಂಟಿಸುವ ಹಚ್ಚೆ. ಚಿನ್ನದ ಬಣ್ಣ, ಬೆಳ್ಳಿಯ ಬಣ್ಣ, ಬಳ್ಳಿ, ಹೂ, ನವಿಲುಗರಿ. ಚಿಕ್ಕಪ್ಪನ ಮಗಳ ಮದುವೆಯಲ್ಲಿ ಹುಡುಗಿಯರೆಲ್ಲ ತೋಳಿಗೆ ಅಂಟಿಸಿಕೊಂಡು ಮೆರೆದಿದ್ದರು. ಉಳಿದದ್ದನ್ನು ಇವಳು ಎತ್ತಿಟ್ಟುಕೊಂಡಿದ್ದಳು. ಮಾವ ಮಲಗಿದ ಮೇಲೆ ಒಂದು ಬಳ್ಳಿಯನ್ನು ಕತ್ತರಿಸಿ, ಮೇಲಿನ ತೆಳು ಪ್ಲಾಸ್ಟಿಕ್ ಸುಲಿದು, ಮುಖ ಕೆಳಗೆ ಮಾಡಿ ಗೀರಿನ ಮೇಲಿಟ್ಟಳು. ಒದ್ದೆ ಬಟ್ಟೆ ಒತ್ತಿ ಹಿಡಿದಳು. ಸ್ವಲ್ಪ ಹೊತ್ತಿಗೆ ಕಾಗದ ಜಾರಿ ಬಂತು, ಬಳ್ಳಿ ಮರದಲ್ಲಿ ನಿಂತಿತು. ಗೀರು ಎಲ್ಲಿತ್ತು ಅಂತ ಅವಳೇ ಹುಡುಕಬೇಕಾಯಿತು. ಮೇಲೆ ಬೆರಳಾಡಿಸಿದಳು. ಏನೂ ಇಲ್ಲ. ಅಷ್ಟು ತೆಳು ಅದು, ಕಣ್ಣಿಗೆ ಮಾತ್ರ ಇದೆ, ಬೆರಳಿಗೆ ಇಲ್ಲವೇ ಇಲ್ಲ.

ಬಸ್ ನಿಲ್ದಾಣದ ಹತ್ತಿರ ಕೈಕೆಲಸದ ಸಾಮಾನು ಮಾರುವ ಹೆಂಗಸೊಬ್ಬಳಿದ್ದಳು, ಎಲ್ಲರೂ ಅಂಗಡಿಯಮ್ಮ ಅನ್ನುತ್ತಿದ್ದರು. ಮೇಸ್ತ್ರಿಯ ಸಾಮಾನು ಹೋಗುತ್ತಿದ್ದುದೆಲ್ಲ ಅವಳಲ್ಲಿಗೇ. ಅವಳ ಕಪಾಟಿನಲ್ಲಿ ತಿಂಗಳುಗಟ್ಟಲೆ ಧೂಳು ಕುಡಿದು ಕೂತ ಟ್ರೇಗಳನ್ನೆಲ್ಲ ಬಿಟ್ಟು, ಬಳ್ಳಿಯ ಟ್ರೇ ಇಟ್ಟ ಮಧ್ಯಾಹ್ನವೇ ಮಾರಿಹೋಯಿತು. ಯಾರು ಬಿಡಿಸಿದ್ದು ಇದು ಅಂತ ಕೇಳಿದರಂತೆ. ಅಂಗಡಿಯಮ್ಮ ಸೊಸೆಯ ಎರಡೂ ಕೈ ಹಿಡಿದುಕೊಂಡು, ಇಷ್ಟು ದಿನ ಈ ಕೈ ಎಲ್ಲಿ ಬಚ್ಚಿಟ್ಟಿದ್ದೆ ತಾಯಿ ಅಂದಳು.

ಅಷ್ಟೇ. ಆ ಒಂದು ಮಾತಿಗೆ ಅವಳು ಉಬ್ಬಿ ಹೋದಳು. ಹುಟ್ಟಿದಾಗಿನಿಂದ ಅವಳ ಕೈಯ ಬಗ್ಗೆ ಯಾರೂ ಒಂದು ಒಳ್ಳೆ ಮಾತು ಆಡಿರಲಿಲ್ಲ. ದಾರಿಯುದ್ದಕ್ಕೂ ಆ ಮಾತನ್ನೇ ಬಾಯಲ್ಲಿ ಇಟ್ಟುಕೊಂಡು ಚಪ್ಪರಿಸುತ್ತ ಮನೆಗೆ ಬಂದಳು.

ಮುಂದಿನ ಟ್ರೇಯಲ್ಲಿ ಗೀರು ಇರಲಿಲ್ಲ. ಆದರೂ ಒಂದು ಹೂ ಅಂಟಿಸಿದಳು. ಅದರ ಮುಂದಿನದಕ್ಕೂ ಅಂಟಿಸಿದಳು. ಸೌಟಿನ ಹಿಡಿಗೆ ಬೆಳ್ಳಿಯ ಎಲೆ, ಡಬ್ಬಿಯ ಮುಚ್ಚಳಕ್ಕೆ ನವಿಲುಗರಿ, ಬಾಚಣಿಗೆಯ ಬೆನ್ನಿಗೆ ಚುಕ್ಕಿಗಳು. ಹಾಳೆಗಳನ್ನು ಅಂಗಡಿಯಮ್ಮನೇ ತರಿಸಿಕೊಟ್ಟಳು. ಮೊದಮೊದಲು ಹೂ ಅಂಟಿಸುವ ಮುಂಚೆ ಮರವನ್ನು ತಿರುಗಿಸಿ ನೋಡುತ್ತಿದ್ದಳು, ತಪ್ಪು ಎಲ್ಲಾದರೂ ಇದೆಯಾ ಅಂತ. ಇರುತ್ತಿರಲಿಲ್ಲ. ಮೇಸ್ತ್ರಿಯ ಕೈ ಆ ಒಂದು ದಿನ ಜಾರಿದ್ದು ಬಿಟ್ಟರೆ ಮತ್ತೆ ಜಾರಲಿಲ್ಲ. ಆಮೇಲಾಮೇಲೆ ನೋಡೋದನ್ನೇ ಬಿಟ್ಟಳು. ಮರ ಅವಳಿಗೆ ಹೂ ಅಂಟಿಸುವ ಜಾಗ ಆಗಿಬಿಟ್ಟಿತ್ತು, ಅಷ್ಟೇ.

ಒಂದು ತೊಡಕಿತ್ತು. ಎಣ್ಣೆ ಮುಟ್ಟಿದ ಮರಕ್ಕೆ ಹಚ್ಚೆ ಹಿಡಿಯಲ್ಲ. ಹಾಗಾಗಿ ಮಾವನಿಗೆ ಒಂದು ಸುಳ್ಳು ಹೇಳಿದಳು: ಎಣ್ಣೆ ವಾಸನೆ ಸಾಮಾನಿಗೆ ಹತ್ತುತ್ತೆ ಅಂತ ಗಿರಾಕಿಗಳು ದೂರುತ್ತಾರೆ, ಇನ್ನು ಮೇಲೆ ಎಣ್ಣೆ ಬೇಡವಂತೆ. ಮೇಸ್ತ್ರಿ ಮೂಗು ಮುರಿದರು. ಎಣ್ಣೆ ಕುಡಿಸದ ಮರ ಬಾಯಾರಿ ಸಾಯುತ್ತೆ ಕಣಮ್ಮ ಅಂದರು. ಒಂದು ದಿನ ಪೂರ್ತಿ ಗೊಣಗಿ ಕೊನೆಗೆ ಒಪ್ಪಿದರು, ಸೊಸೆ ಹೇಳಿದ ಮೇಲೆ ಇನ್ನೇನು. ಅಂಟಿಸಿದ ಹೂ ನಿಲ್ಲಬೇಕಾದರೆ ಮೇಲೆ ವಾರ್ನಿಶ್ ಹೊಡೆಯಬೇಕು ಅಂತ ಅಂಗಡಿಯಮ್ಮ ಹೇಳಿದ್ದಳು. ಆದರೆ ವಾರ್ನಿಶ್ ಹೊಡೆದರೆ ಮುಗಿಯಿತು, ಮೇಸ್ತ್ರಿಯ ಮೂಗು ರಸ್ತೆಯಾಚೆಯ ವಾರ್ನಿಶ್ಶನ್ನೂ ಹಿಡಿಯುವ ಮೂಗು, ಬೆರಳಿನ ಮಾತು ಬಿಡಿ. ಅದಕ್ಕೇ ಹೊಡೆಯಲಿಲ್ಲ. ಹೂಗಳನ್ನು ಬರೀ ಹಾಗೇ ಬಿಟ್ಟಳು.

ಕೊಂಡವರು ಹೂ ಉದುರೀತು ಅಂತ ಟ್ರೇಯನ್ನು ಬಳಸಲೇ ಇಲ್ಲ, ಗೋಡೆಗೆ ನೇತು ಹಾಕಿದರು. ಸೌಟುಗಳು ಹೂದಾನಿಯಲ್ಲಿ ನಿಂತವು. ಊರೆಲ್ಲ ಅವಳಿಗೆ ಚಿನ್ನದಕ್ಕ ಅಂತ ಹೆಸರಿಟ್ಟಿತು. ಬೀದಿಯಲ್ಲಿ ಹೋದರೆ ಹುಡುಗಿಯರು ನಿಲ್ಲಿಸಿ ಮಾತಾಡಿಸುವರು. ಗಂಡನಿಗೂ ಗೊತ್ತಿತ್ತು. ಅಪ್ಪನಿಗೆ ಹೇಳಿದೆಯಾ ಅಂತ ಒಂದೇ ಸಲ ಕೇಳಿ, ಇವಳು ಇಲ್ಲ ಅಂದಾಗ, ಹೇಗೋ ನಡೀತಿದೆಯಲ್ಲ ಬಿಡು ಅಂತ ವ್ಯಾನ್ ಹತ್ತಿದ. ಅವನು ಬಿಡು ಅನ್ನದ ವಿಷಯ ಯಾವುದಿತ್ತು.

ಈ ನಡುವೆ ಮೇಸ್ತ್ರಿ ಕೇಳುತ್ತಲೇ ಇದ್ದರು. ಸಾಮಾನು ಹೇಗಿದೆಯಮ್ಮ, ಗಿರಾಕಿಗಳು ಏನಂತಾರೆ? ಚೆನ್ನಾಗಿದೆ ಅಂತಾರೆ ಮಾವ, ಇಟ್ಟ ತಕ್ಷಣ ಹೋಗುತ್ತೆ. ಅದು ಸುಳ್ಳಾ? ಅಲ್ಲ. ನಿಜವಾ? ಅದೂ ಅಲ್ಲ. ಮೇಸ್ತ್ರಿಗೆ ಹೊಸ ಹುರುಪು ಬಂದುಬಿಟ್ಟಿತು. ಜನಕ್ಕೆ ಈಗ ಬರೀ ಮರದ ಬೆಲೆ ಗೊತ್ತಾಗ್ತಿದೆ ನೋಡು, ಬಣ್ಣಗಿಣ್ಣ ಎಲ್ಲ ಸಾಕಾಗಿದೆ ಅವರಿಗೆ ಅಂತ ಬಂದವರ ಮುಂದೆಲ್ಲ ಭಾಷಣ. ಬಂದವರು ಸೊಸೆಯ ಕೈಸನ್ನೆ ನೋಡಿ ಹೂಂಗುಟ್ಟುವರು. ಸೊಸೆ ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಳ್ಳುವಳು. ಮೊದಲು ಕಿವಿ ಬಿಸಿಯಾಗುತ್ತಿತ್ತು. ಆಮೇಲೆ ಅದೂ ಆಗುತ್ತಿರಲಿಲ್ಲ.

ಎಣ್ಣೆಯೇನೂ ಮನೆಬಿಟ್ಟು ಹೋಗಿರಲಿಲ್ಲ. ಮೇಸ್ತ್ರಿಯ ಅಂಗೈ ಬಿರುಕು ಬಿಡುತ್ತಿತ್ತು, ಅದಕ್ಕೆ ದಿನಾ ಆ ಅಗಸೆ ಎಣ್ಣೆಯನ್ನೇ ತಿಕ್ಕಿಕೊಳ್ಳುವರು. ಸಾಮಾನು ಕಟ್ಟುವ ದಿನ ಆ ಕೈಯಿಂದಲೇ ಒಂದೊಂದನ್ನೂ ಕೊನೇ ಸಲ ಸವರಿ, ಹೂಂ, ಹೋಗು ಅನ್ನುವರು. ಆಗ ಹೂವಿನ ಚೂರು ಅವರ ಕೈಗೆ ಹತ್ತುತ್ತಿತ್ತು. ಬೆರಳ ಸಂದಿಯಲ್ಲಿ, ಬಿರುಕುಗಳಲ್ಲಿ ಚಿನ್ನ ಮಿನುಗುವುದು. ಮೊದಲ ಸಲ ನೋಡಿದಾಗ ಅವಳು ಓಡಿ ಬಂದಳು. ಕೈ ತುಂಬ ಧೂಳಾಗಿದೆ ಕೊಡಿ ಮಾವ ಅಂತ ಎಣ್ಣೆ ಬಟ್ಟೆಯಲ್ಲಿ ಒರೆಸಿದಳು. ಆಮೇಲೆ ಸಾಮಾನು ಕಟ್ಟಿದ ದಿನವೆಲ್ಲ ಅದೊಂದು ಪದ್ಧತಿಯಾಯಿತು. ಮಾವನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಬೆರಳೂ ಒರೆಸುವಳು. ಮೇಸ್ತ್ರಿಯ ಕಣ್ಣಲ್ಲಿ ನೀರು ತುಂಬುತ್ತಿತ್ತು. ಹೊಟ್ಟೆಯಲ್ಲಿ ಹುಟ್ಟಿದ ಮಗಳೂ ಇಷ್ಟು ಮಾಡಲ್ಲ ಕಣಮ್ಮ ಅನ್ನುವರು.

ಒಂದು ದಿನ ಮಾತ್ರ ಒರೆಸೋದು ಮರೆತುಹೋಯಿತು. ಬೆಳಿಗ್ಗೆ ಸಾಮಾನು ಕಟ್ಟಿದ್ದಾಗಿತ್ತು. ಅಂಗಡಿಯಮ್ಮ ಮದುವೆ ಮನೆಯ ಉಡುಗೊರೆಗೆ ಅಂತ ದೊಡ್ಡ ಮೂಟೆಯನ್ನೇ ಕೇಳಿದ್ದಳು. ಇವಳು ಆ ಗಡಿಬಿಡಿಯಲ್ಲೇ ಇದ್ದಳು. ಮೇಸ್ತ್ರಿ ಗಡ್ಡ ಕೆರೆಯುತ್ತಿದೆ, ಕ್ಷೌರದಂಗಡಿಗೆ ಕರೆದುಕೊಂಡು ಹೋಗು ಅಂದರು. ಹೋಗುವ ದಾರಿಯಲ್ಲೇ ಮೂಟೆ ಕೊಟ್ಟು, ಮಾವನ ತೋಳು ಹಿಡಿದು ರಸ್ತೆ ದಾಟಿಸಿ, ಕುರ್ಚಿಯಲ್ಲಿ ಕೂರಿಸಿ ತಾನು ಬೆಂಚಿನ ಮೇಲೆ ಕೂತಳು.

ಕ್ಷೌರದವನು ಹಳೇ ಪರಿಚಯದವನು, ಬಾಯಿಗೆ ಬಿಡುವು ಕೊಡದ ಮನುಷ್ಯ. ಬಿಳಿ ಬಟ್ಟೆ ಹೊದಿಸೋಕೆ ಅಂತ ಮೇಸ್ತ್ರಿಯ ಕೈಯೆತ್ತಿದವನು ನಕ್ಕುಬಿಟ್ಟ.

"ಏನ್ ಮೇಸ್ತ್ರಿಗಳೇ, ಅಂಗೈ ತುಂಬ ಚಿನ್ನ ಬಳ್ಕೊಂಡು ಬಂದಿದೀರಿ."

"ಯಾವ ಚಿನ್ನವಯ್ಯ?"

"ಅದೇ, ನಿಮ್ಮ ಸೊಸೆ ಅಂಟಿಸ್ತಾರಲ್ಲ ಹೂವು, ಅದು. ನಮ್ಮವಳೂ ಒಂದು ಟ್ರೇ ತಂದಿದಾಳೆ. ಹಾಲ್‌ನಲ್ಲಿ ಗೋಡೆಗೆ ಹಾಕಿದಾಳೆ."

ಬೆಂಚಿನ ಮೇಲೆ ಕೂತವಳು ದಡಬಡಿಸಿ ಎದ್ದಳು. ಕನ್ನಡಿಯಲ್ಲಿ ಅವನಿಗೆ ಕಣ್ಣು ಮಾಡಿದಳು, ಕೈ ಮಾಡಿದಳು. ಆ ಪುಣ್ಯಾತ್ಮ ಬ್ರಶ್ಶು ನೊರೆ ಮಾಡುವುದರಲ್ಲಿದ್ದ.

"ಟ್ರೇನ ಗೋಡೆಗ್ಯಾಕೆ ಹಾಕ್ತಾರೆ?" ಅಂದರು ಮೇಸ್ತ್ರಿ.

ಅದಕ್ಕೆ ಅವನು ಹೇಳಿದ್ದೇ ಹೇಳಿದ್ದು. ಚಿನ್ನದಕ್ಕ ಅಂದರೆ ಈಗ ಎಷ್ಟು ಹೆಸರು, ಹೂವಿಲ್ಲದ ಸಾಮಾನು ಅಂಗಡಿಯಮ್ಮ ಇಟ್ಟುಕೊಳ್ಳೋದೇ ಇಲ್ಲವಂತೆ, ನಿಮ್ಮ ಅದೃಷ್ಟ ಮೇಸ್ತ್ರಿಗಳೇ ಇಂಥ ಸೊಸೆ ಸಿಕ್ಕಿದ್ದು, ಕಣ್ಣು ಹೋದ ಮೇಲೂ ನಿಮ್ಮ ಕೆಲಸ ನಿಂತಿಲ್ಲ ಅಂದರೆ ಅದು ಆ ತಾಯಿಯ ಕೈಗುಣ. ಮೇಸ್ತ್ರಿಯ ಅರ್ಧ ಮುಖ ನೊರೆ, ಅರ್ಧ ಮುಖ ಬರೀ ಗಡ್ಡ. ಒಂದು ಸಲ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿ ನೋಡಿಕೊಂಡರು. ಏನೂ ಸಿಕ್ಕಿರಲಿಕ್ಕಿಲ್ಲ. ಬೇಗ ಮುಗಿಸಪ್ಪ ಅಂದರು.

ಮುಗಿದ ಮೇಲೆ ಎದ್ದು ದಾರಿ ಹಿಡಿದರು. ಅವಳ ತೋಳನ್ನು ಹಿಡಿದೇ ನಡೆದರು. ಕೊಸರಿಕೊಂಡಿದ್ದರೆ, ಬೈದಿದ್ದರೆ ಅವಳಿಗೆ ಎಷ್ಟೋ ವಾಸಿಯಾಗುತ್ತಿತ್ತು. ಮನೆಗೆ ಬಂದು ತಮ್ಮ ಜಾಗದಲ್ಲಿ ಕೂತು, ಬಾಗಿಲು ಹಾಕು ಅಂದರು. ಅವಳು ಹಾಕಿದಳು.

"ಎಲ್ಲದರ ಮೇಲೂ ಇದೆಯಾ?"

"ಇದೆ ಮಾವ."

"ಯಾವಾಗಿನಿಂದ?"

ಹೋದ ವರ್ಷದಿಂದ ಅಂದಳು. ಎಣ್ಣೆ ಬೇಡ ಅಂದೆಯಲ್ಲ, ಅದೂ ಇದಕ್ಕೇನಾ ಅಂದರು. ಹೌದು ಅಂದಳು. ಮೇಸ್ತ್ರಿ ತಮ್ಮ ಎರಡೂ ಅಂಗೈಗಳನ್ನು ಮುಖದ ಹತ್ತಿರ ತಂದುಕೊಂಡರು, ಕಂಡೀತೇನೋ ಅನ್ನುವ ಹಾಗೆ. ಆಮೇಲೆ ಮೆಲ್ಲಗೆ ತೊಡೆಯ ಮೇಲಿಟ್ಟುಕೊಂಡರು.

"ಹಾಗಾದ್ರೆ ನನ್ನ ಕೈ ಹೋಗಿ ಒಂದು ವರ್ಷ ಆಯ್ತು," ಅಂದರು.

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ದಾರಿಯುದ್ದಕ್ಕೂ ಅವಳು ಕಾದಿದ್ದು ಸಿಟ್ಟಿಗೆ. ನನ್ನ ಮರಕ್ಕೆ ಬಣ್ಣ ಬಳಿದೆಯಾ ಅಂತ ಕೂಗಾಡುತ್ತಾರೆ ಅಂದುಕೊಂಡಿದ್ದಳು, ಅದಕ್ಕೆ ಉತ್ತರವನ್ನೂ ಜೋಡಿಸಿಕೊಂಡಿದ್ದಳು. ಈ ಮಾತು ಅವಳ ಲೆಕ್ಕದಲ್ಲೇ ಇರಲಿಲ್ಲ. ಬಣ್ಣ ಇದ್ದ ಕಡೆ ಕೆಳಗೆ ಕೆಟ್ಟ ಕೆಲಸ ಇರುತ್ತೆ ಅಂತ ಜೀವಮಾನವಿಡೀ ಸಾರಿದ ಮನುಷ್ಯ ಇನ್ನೇನು ಅಂದುಕೊಂಡಾರು? ಹೂ ಇದ್ದ ಕಡೆಯೆಲ್ಲ ತಮ್ಮ ಉಳಿ ಜಾರಿದೆ ಅಂದುಕೊಂಡರು.

"ಇಲ್ಲ ಮಾವ. ಹಾಗಲ್ಲ. ಒಂದೇ ಒಂದು ಟ್ರೇಲಿ ಚಿಕ್ಕ ಗೀರಿತ್ತು, ಅದನ್ನ ಮುಚ್ಚಿದೆ ಅಷ್ಟೇ. ಉಳಿದಿದ್ದೆಲ್ಲ ಚೆನ್ನಾಗೇ ಇತ್ತು."

"ಚೆನ್ನಾಗಿದ್ದಿದ್ದಕ್ಕೆ ಯಾರಾದ್ರೂ ಹೂ ಅಂಟಿಸ್ತಾರಾ?"

ಆಗ ಅವಳು ಎಲ್ಲವನ್ನೂ ಹೇಳಿದಳು. ಅಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಒಂದೂ ಬಿಡದೆ ಹೇಳಿದಳು: ಅಂಗಡಿಯಮ್ಮ ಕೈ ಹಿಡಿದುಕೊಂಡಿದ್ದು, ಬೀದಿಯ ಹುಡುಗಿಯರು ಚಿನ್ನದಕ್ಕ ಅಂದಿದ್ದು, ಆ ಮಾತಿನ ರುಚಿ ಹತ್ತಿ ತಾನು ಒಳ್ಳೆಯ ಮರದ ಮೇಲೂ ಅಂಟಿಸುತ್ತ ಹೋಗಿದ್ದು, ಕೊನೆಗೆ ಮರವನ್ನು ನೋಡುವುದನ್ನೇ ಬಿಟ್ಟಿದ್ದು. ನನ್ನ ಆಸೆಗೆ ಮಾಡಿದೆ ಮಾವ, ನಿಮ್ಮ ಕೈ ಕೆಟ್ಟಿಲ್ಲ, ಕೆಟ್ಟಿದ್ದು ನನ್ನ ಬುದ್ಧಿ ಅಂದಳು. ಹೇಳುತ್ತ ಹೇಳುತ್ತ ಅಳು ಬಂತು, ಅತ್ತಳು. ಆ ಮನೆಯಲ್ಲಿ ಅವಳು ಅಷ್ಟು ನಿಜ ಆಡಿದ್ದು ಅದೇ ಮೊದಲು.

ಮೇಸ್ತ್ರಿ ಪೂರ್ತಿ ಕೇಳಿಸಿಕೊಂಡರು. ಕೇಳಿಸಿಕೊಂಡು ಕೈಚಾಚಿ ಅವಳ ತಲೆ ಹುಡುಕಿ ಸವರಿದರು.

"ನೀನು ಒಳ್ಳೆಯವಳು ಕಣಮ್ಮ. ನನಗೆ ನೋವಾಗಬಾರದು ಅಂತ ತಪ್ಪನ್ನೆಲ್ಲ ನಿನ್ನ ತಲೆ ಮೇಲೆ ಎಳ್ಕೊಳ್ತಾ ಇದೀಯ. ಬೇಡ. ಹೇಳು ಅಂತ ನಾನು ಹೇಳಿದ್ದೆ, ನಿನಗೆ ಹೇಳೋಕೆ ಬಾಯಿ ಬರಲಿಲ್ಲ. ಹೋಗಲಿ. ಹೂ ಮುಚ್ಚಿ ನನ್ನ ಮಾನ ಕಾಪಾಡಿದೆ. ಇನ್ನೊಬ್ಬರಾಗಿದ್ರೆ ಒಲೆಗೆ ಹಾಕ್ತಿದ್ರು."

ಅಲ್ಲ ಮಾವ, ಅಲ್ಲ ಅಂತ ಅವಳು ಅಂದಿದ್ದೇ ಅಂದಿದ್ದು. ಅಂದಷ್ಟೂ ಅವರಿಗೆ ಸೊಸೆಯ ಮೇಲೆ ಪ್ರೀತಿ ಹೆಚ್ಚಾಯಿತು. ಒಂದು ವರ್ಷ ಚೆನ್ನಾಗಿದೆ ಅಂತಾರೆ ಮಾವ ಅನ್ನುತ್ತ ಬಂದ ಬಾಯಿ, ಈಗಲೂ ಅದೇ ಚೆನ್ನಾಗಿತ್ತು ಅನ್ನುವ ಮಾತನ್ನೇ ಆಡುತ್ತಿತ್ತು. ಯಾವುದು ನಿಜ, ಯಾವುದು ಸಮಾಧಾನ ಅಂತ ಆ ಕಣ್ಣಿಲ್ಲದ ಮನುಷ್ಯ ಯಾವುದರ ಮೇಲೆ ಗೊತ್ತು ಮಾಡಬೇಕು?

ಮರುದಿನ ಮೇಸ್ತ್ರಿ ಉಳಿಗಳನ್ನೆಲ್ಲ ಒಂದೊಂದಾಗಿ ಒರೆಸಿ, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಮಗನ ಕೈಗೆ ಕೊಟ್ಟರು. ಯಾರಾದರೂ ಕೆಲಸ ಮಾಡುವವರಿಗೆ ಕೊಡು ಅಂದರು. ಮಗ ಅಪ್ಪನನ್ನು ನೋಡಿದ, ಹೆಂಡತಿಯನ್ನು ನೋಡಿದ, ಸರಿ ಬಿಡು ಅಂತ ತೆಗೆದುಕೊಂಡು ಹೋದ. ಮುಂದಿನ ಕೋಣೆಯ ಹೊಟ್ಟನ್ನು ಅವಳು ಗುಡಿಸಿದಳು. ಆಮೇಲೆ ಗುಡಿಸುವುದಕ್ಕೆ ಏನೂ ಇರಲಿಲ್ಲ.

ಗುಡಿಸುವಾಗಲೇ ಬೆಂಚಿನ ಹಿಂದೆ ಒಂದು ಟ್ರೇ ಸಿಕ್ಕಿತು. ಕ್ಷೌರದಂಗಡಿಗೆ ಹೋದ ಹಿಂದಿನ ವಾರ ಮುಗಿಸಿದ್ದು, ಮೂಟೆ ಕಟ್ಟುವ ಗಡಿಬಿಡಿಯಲ್ಲಿ ಹೂ ಅಂಟಿಸದೆ ಉಳಿದುಹೋಗಿದ್ದು. ಅವಳು ಅದನ್ನು ಬಾಗಿಲ ಬೆಳಕಿಗೆ ಹಿಡಿದಳು. ಎಷ್ಟೋ ಕಾಲದ ಮೇಲೆ ಮರವನ್ನು ನೋಡಿದಳು. ಮರದ ಗೆರೆಗಳು ಒಂದು ಮೂಲೆಯಿಂದ ಎದ್ದು ಅಂಚಿನ ಜೊತೆಗೇ ಬಳಸಿಕೊಂಡು ಹೋಗಿದ್ದವು. ಆ ಗೆರೆ ನೋಡಿಯೇ ಅಂಚನ್ನು ಬಗ್ಗಿಸಿದ್ದಾರೆ ಅನ್ನಬೇಕು, ಆದರೆ ನೋಡಲು ಅವರಿಗೆ ಕಣ್ಣೇ ಇರಲಿಲ್ಲ. ಎಲ್ಲೂ ಒಂದು ಗೀರಿಲ್ಲ, ಒಂದು ತರಿಯಿಲ್ಲ. ಮಂಚಕ್ಕಿಂತ ಚೆನ್ನಾಗಿತ್ತು. ಇದನ್ನು ಕೈಗೆ ಕೊಟ್ಟರೆ ನಂಬಲೇಬೇಕು, ಬೆರಳು ಸುಳ್ಳು ಹೇಳುತ್ತಾ ಅಂದುಕೊಂಡು ಅವಳಿಗೆ ಜೀವ ಬಂತು.

ಹಾಗೇ ಕೊಟ್ಟುಬಿಡಬೇಕಿತ್ತು. ಕೊಡಲಿಲ್ಲ. ಒಂದು ವರ್ಷ ಈ ಮರಗಳಿಗೆ ಎಣ್ಣೆ ತಪ್ಪಿಸಿದೆನಲ್ಲ, ಇದಕ್ಕಾದರೂ ಮಾಡಿ ಕೊಡೋಣ ಅಂತ ಅವಳಿಗೆ ಅನಿಸಿತು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅನಿಸಿದ್ದು. ಅಗಸೆ ಎಣ್ಣೆ ತಂದು, ಮಾವ ಮಾಡುತ್ತಿದ್ದ ಹಾಗೆಯೇ ಬಟ್ಟೆಯಲ್ಲಿ ಅದ್ದಿ ಗೆರೆಯ ಜೊತೆ ತಿಕ್ಕಿದಳು. ಹಿತ್ತಲ ಬಿಸಿಲಲ್ಲಿ ಇಟ್ಟಳು. ಒಣಗಿದ ಮೇಲೆ ಮತ್ತೆ ತಿಕ್ಕಿದಳು, ಮತ್ತೆ ಇಟ್ಟಳು. ವಾಸನೆಯೆಲ್ಲ ಹೋಗಿ ಮರ ಜೇನಿನ ಬಣ್ಣಕ್ಕೆ ತಿರುಗುವವರೆಗೂ ಬಿಡಲಿಲ್ಲ. ಕೊನೆಗೆ ಒಣಬಟ್ಟೆಯಲ್ಲಿ ಒರೆಸಿ, ಒಂದು ಬೆಳಿಗ್ಗೆ ತಂದು ಮಾವನ ತೊಡೆಯ ಮೇಲಿಟ್ಟಳು.

ಮೇಸ್ತ್ರಿ ಕೈಯಾಡಿಸಿದರು. ಅಂಚಿನ ಸುತ್ತ ಹೋದರು, ಒಳಮೂಲೆಗೆ ಉಗುರು ತೂರಿಸಿದರು, ಬೋರಲು ಮಾಡಿ ಅಡಿ ಸವರಿದರು. ಮುಖದಲ್ಲಿ ಬೆಳಕು ಬಂತು.

"ಇದು ನನ್ನ ಕೈ," ಅಂದರು.

"ಹೌದು ಮಾವ. ಮೊನ್ನೆ ಮೊನ್ನೆ ಮಾಡಿದ್ದು. ಕ್ಷೌರಕ್ಕೆ ಹೋದ್ವಲ್ಲ, ಅದರ ಹಿಂದಿನ ವಾರ."

ಮೇಸ್ತ್ರಿಯ ಬೆರಳು ನಿಂತಿತು. ಮತ್ತೊಂದು ಸಲ ನಿಧಾನಕ್ಕೆ ಮಧ್ಯದಲ್ಲಿ ಸವರಿದರು, ಅಂಗೈ ಒತ್ತಿ ಹಿಡಿದರು. ಆಮೇಲೆ ನಕ್ಕರು. ಮಕ್ಕಳು ಸುಳ್ಳು ಹೇಳಿದಾಗ ದೊಡ್ಡವರು ನಗುತ್ತಾರಲ್ಲ, ಹಾಗೆ.

"ಇದು ಎಣ್ಣೆ ಕುಡಿದ ಮರ ಕಣಮ್ಮ. ಎಣ್ಣೆ ಬಿಟ್ಟು ವರ್ಷವಾಯ್ತು. ಇದು ನನ್ನ ಕೈ ಕೆಡೋಕೆ ಮುಂಚೆ ಮಾಡಿದ್ದು. ಎಲ್ಲಿ ಎತ್ತಿಟ್ಟಿದ್ದೆ?"

ಎಣ್ಣೆ ನಾನು ಹಚ್ಚಿದೆ ಮಾವ ಅಂದಳು. ಅವರು ತಲೆಯಾಡಿಸಿದರು. ಸಾಕು, ಇನ್ನು ಆ ಮಾತು ಬೇಡ ಅಂದರು. ನೀನು ಎಷ್ಟು ಹೇಳಿದರೂ ನನ್ನ ಕೈ ನನಗೆ ಗೊತ್ತಾಗಲ್ವಾ, ಈಗಿನ ಕೈಗೂ ಆಗಿನ ಕೈಗೂ ಎಷ್ಟು ವ್ಯತ್ಯಾಸ ನೋಡು ಅಂತ ತಮ್ಮ ಹೆಬ್ಬೆರಳನ್ನು ಅಂಚಿನ ಮೇಲೆ ಜಾರಬಿಟ್ಟರು. ಆಮೇಲೆ ಟ್ರೇಯನ್ನು ಅವಳ ಕಡೆ ಚಾಚಿದರು.

"ಇದಕ್ಕೂ ಒಂದು ಹೂ ಅಂಟಿಸಿ ಕೊಟ್ಟುಬಿಡು ಅಂಗಡಿಗೆ. ಬರೀ ಮರ ಯಾರಿಗೆ ಬೇಕು."

ಅವಳು ಅಡುಗೆಮನೆಗೆ ಹೋಗಿ ಪೆಟ್ಟಿಗೆ ತೆರೆದಳು. ಯಾಕೆ ತೆರೆದಳೋ, ಮಾವ ಹೇಳಿದ್ದನ್ನು ಆ ಒಂದು ಸಲವಾದರೂ ಮಾಡೋಣ ಅಂತಲೋ ಏನೋ. ಹೂ ಕತ್ತರಿಸಿ, ಸುಲಿದು, ಬೋರಲಿಟ್ಟು ಒದ್ದೆ ಬಟ್ಟೆ ಒತ್ತಿದಳು. ಕಾಗದ ಎತ್ತಿದರೆ ಹೂ ಕಾಗದದ ಜೊತೆಗೇ ಎದ್ದು ಬಂತು. ಇನ್ನೊಂದು ಇಟ್ಟಳು. ಅದು ಜಾರಿ ಮುದುರಿ ಅವಳ ಹೆಬ್ಬೆರಳಿಗೆ ಅಂಟಿಕೊಂಡಿತು.

ಅಂಗಡಿಯಮ್ಮನಿಗೇನೂ ತೊಂದರೆಯಾಗಲಿಲ್ಲ. ಯಂತ್ರದಲ್ಲಿ ಕೊರೆದ ಟ್ರೇಗಳನ್ನು ತರಿಸಿದಳು, ಹೂ ಅಂಟಿಸಿ ಕೊಡು ಅಂದಳು. ಚಿನ್ನದಕ್ಕ ಅಂಟಿಸಿ ಕೊಡುತ್ತಾಳೆ. ಈಗ ಮೇಲೆ ವಾರ್ನಿಶ್ ಕೂಡ ಹೊಡೆಯುತ್ತಾಳೆ, ಮೇಸ್ತ್ರಿ ವಾಸನೆಗೆ ಏನೂ ಅನ್ನುವುದಿಲ್ಲ. ಕೊಳ್ಳುವವರಲ್ಲಿ ಒಬ್ಬರೂ ಮರ ಬದಲಾಗಿದೆಯಲ್ಲ ಅಂತ ಕೇಳಲಿಲ್ಲ.

ಆ ಎಣ್ಣೆಯ ಟ್ರೇ ಮನೆಯಲ್ಲೇ ಉಳಿಯಿತು. ದಿನಾ ಬೆಳಿಗ್ಗೆ ಅವಳು ಅದರ ಮೇಲೆ ಚಹಾ ಇಟ್ಟುಕೊಂಡು ಮುಂದಿನ ಕೋಣೆಗೆ ಹೋಗುತ್ತಾಳೆ. ಮೇಸ್ತ್ರಿ ಲೋಟ ತೆಗೆದುಕೊಳ್ಳುವ ಮುಂಚೆ ಅಂಚಿನ ಮೇಲೆ ಬೆರಳಾಡಿಸುತ್ತಾರೆ.

"ಆಗ ಎಂಥಾ ಕೈ ಇತ್ತು ನನಗೆ, ಅಲ್ವೇನಮ್ಮ?" ಅನ್ನುತ್ತಾರೆ.

"ಹೂಂ ಮಾವ," ಅನ್ನುತ್ತಾಳೆ ಸೊಸೆ. ಆ ಮಾತನ್ನು ಮಾತ್ರ ಅವರು ನಂಬುತ್ತಾರೆ.